ರಾಣಿಯ ಸಿನಿಮಾ, ನವಾಬನ ಊರು

ಹೂಗ್ಲಿ ನದಿ ಬಾಗಿ ತಿರುಗುವ ಕಡೆ ಇರುವ ಊರು ನಮ್ಮ ಗಾರ್ಡನ್ ರೀಚ್. ಒಂದು ಕಾಲದಲ್ಲಿ ಇಂಗ್ಲಿಷ್ ಸಾಹೇಬರು ನದಿಯ ದಂಡೆಯಲ್ಲಿ ತೋಟದ ಬಂಗಲೆಗಳನ್ನು ಕಟ್ಟಿಕೊಂಡಿದ್ದರಿಂದ ಈ ಹೆಸರು ಬಂತು. ಈಗ ಇಲ್ಲಿ ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿ ಇದೆ, ಯುದ್ಧನೌಕೆ ಕಟ್ಟುವ ಕಾರ್ಖಾನೆ ಇದೆ. ಪಕ್ಕದ ಮೆಟಿಯಾಬ್ರುಜ್‌ನಲ್ಲಿ ಸಾವಿರಾರು ಹೊಲಿಗೆ ಯಂತ್ರಗಳ ಸದ್ದು. ನನ್ನವರಿಗೆ ರೈಲ್ವೆಯಲ್ಲಿ ಕೆಲಸವಾದ್ದರಿಂದ ನಾವು ಇಲ್ಲಿಗೆ ಬಂದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಸೋಮವಾರಪೇಟೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆಗೇ ಬಂದಳು.

ಅಮ್ಮನಿಗೆ ಹಿಂದಿ ಬರುವುದು ಅಷ್ಟಕ್ಕಷ್ಟೆ, ಬಂಗಾಳಿ ಇಲ್ಲವೇ ಇಲ್ಲ. ಹಗಲೆಲ್ಲ ಮಾತಿಗೆ ಯಾರೂ ಇಲ್ಲ. ನಾನು ಮನೆಗೆ ಬರುವ ಹೊತ್ತಿಗೆ ಮಾತಿನ ಮೂಟೆ ಬಿಚ್ಚುತ್ತಾಳೆ. ಇಂಥ ಒಂದು ಸಂಜೆ ಇಬ್ಬರೂ ಕೂತು ‘ವಿಕ್ಟೋರಿಯಾ ಅಂಡ್ ಅಬ್ದುಲ್’ ನೋಡಿದೆವು. 2017ರ ಸಿನಿಮಾ. ಶ್ರಾಬಣಿ ಬಸು ಅವರ ಪುಸ್ತಕವನ್ನು ಆಧರಿಸಿ ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ್ದು. ರಾಣಿಯಾಗಿ ಜೂಡಿ ಡೆಂಚ್, ಅಬ್ದುಲ್ ಕರೀಮನಾಗಿ ನಮ್ಮ ಅಲಿ ಫಜಲ್.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. 1887ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ ಐವತ್ತು ವರ್ಷವಾದ ಸಂಭ್ರಮ. ಆಗ್ರಾದ ಅಬ್ದುಲ್ ಕರೀಮ್ ಸೇವಕನಾಗಿ ಇಂಗ್ಲೆಂಡಿಗೆ ಹೋಗುತ್ತಾನೆ. ಅರಮನೆ ತುಂಬ ಜನ, ಆದರೆ ಮುದುಕಿಗೆ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿಲ್ಲ. ಅಬ್ದುಲ್ ಅವಳಿಗೆ ಉರ್ದು ಕಲಿಸುವ ಮುನ್ಷಿಯಾಗುತ್ತಾನೆ. ಅವಳು ಮಾವಿನಹಣ್ಣು ಬೇಕೆನ್ನುತ್ತಾಳೆ. ಹಡಗಿನಲ್ಲಿ ಬಂದು ತಲುಪುವ ಹೊತ್ತಿಗೆ ಹಣ್ಣು ಕೊಳೆತಿರುತ್ತದೆ. ಈ ದೃಶ್ಯಕ್ಕೆ ಅಮ್ಮ ಮನಸಾರೆ ನಕ್ಕಳು. 1901ರಲ್ಲಿ ರಾಣಿ ತೀರಿಕೊಂಡ ಮೇಲೆ ಅವಳ ಮಗ ಎಡ್ವರ್ಡ್ ಮುನ್ಷಿಯ ಮನೆಯಲ್ಲಿದ್ದ ಕಾಗದ ಪತ್ರಗಳನ್ನು ಸುಡಿಸುವಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಪಾಪ ಕಣೇ. ರಾಣಿಯಾದರೇನು, ವಯಸ್ಸಾದ ಮೇಲೆ ಮಾತಾಡೋಕೆ ಒಬ್ಬರು ಬೇಕು” ಅಂದಳು.

ಆ ಮಾತು ನೇರವಾಗಿ ನನಗೇ ತಾಗಿತು. ರಾಣಿಯ ಬಗ್ಗೆ ನನಗೂ ಮರುಕ ಹುಟ್ಟಿತು, ಜೂಡಿ ಡೆಂಚ್ ನಟನೆ ಹಾಗಿದೆ. ಆದರೂ ಒಳಗೊಳಗೇ ಏನೋ ಕಿರಿಕಿರಿ. ಕೊನೆಯಲ್ಲಿ ಆಗ್ರಾಕ್ಕೆ ಮರಳಿದ ಅಬ್ದುಲ್ ರಾಣಿಯ ಪ್ರತಿಮೆಯ ಪಾದಕ್ಕೆ ಮುತ್ತಿಡುತ್ತಾನೆ, ಹಿಂದೆ ತಾಜ್ ಮಹಲ್. ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಇಡೀ ಸಿನಿಮಾದಲ್ಲಿ ಸಾಮ್ರಾಜ್ಯವನ್ನು ಬಾಯಿಬಿಟ್ಟು ಬೈಯುವವನು ಅಬ್ದುಲ್ ಜೊತೆ ಹೋದ ಮೊಹಮ್ಮದ್ ಒಬ್ಬನೇ. ಅವನನ್ನೂ ಇಂಗ್ಲೆಂಡಿನ ಚಳಿಯಲ್ಲಿ ಕೆಮ್ಮಿಸಿ ಸಾಯಿಸಿಬಿಡುತ್ತಾರೆ.

ಬೇರೆ ಊರಿನಲ್ಲಿ ಕೂತು ನೋಡಿದ್ದರೆ ನನಗೆ ಇಷ್ಟು ಚುಚ್ಚುತ್ತಿತ್ತೋ ಇಲ್ಲವೋ. ಗಾರ್ಡನ್ ರೀಚ್‌ನಲ್ಲಿ ಕೂತು ನೋಡಿದ್ದೇ ಇದಕ್ಕೆ ಕಾರಣ. ಯಾಕೆಂದರೆ ಅದೇ 1887ರ ಸೆಪ್ಟೆಂಬರ್ 21ರಂದು, ರಾಣಿಯ ಸಂಭ್ರಮ ಮುಗಿದು ಮೂರು ತಿಂಗಳಾಗಿದ್ದಾಗ, ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿ ಅವಧ್‌ನ ಕೊನೆಯ ನವಾಬ ವಾಜಿದ್ ಅಲಿ ಶಾ ಕಣ್ಣುಮುಚ್ಚಿದ. ರಾಣಿ ಅಲ್ಲಿ ಅಕ್ಷರ ಅಕ್ಷರವಾಗಿ ಉರ್ದು ತಿದ್ದಲು ಹೊರಟ ವರ್ಷವೇ ಉರ್ದುವಿನಲ್ಲಿ ಕಾವ್ಯ ಬರೆದ, ಠುಮ್ರಿ ಕಟ್ಟಿದ, ಕಥಕ್ ಕುಣಿದ ಅರಸ ಇಲ್ಲಿ ಪಿಂಚಣಿದಾರನಾಗಿ ಸತ್ತ. ಭೀಮಸೇನ ಜೋಶಿಯವರ ಕಂಠದಲ್ಲಿ ನಾವೆಲ್ಲ ಕೇಳಿದ ‘ಬಾಬುಲ್ ಮೋರಾ’ ಈ ನವಾಬನದೇ ಅನ್ನುತ್ತಾರೆ.

1856ರ ಫೆಬ್ರವರಿಯಲ್ಲಿ ಕಂಪನಿ ಸರ್ಕಾರ ಅವಧ್ ಅನ್ನು ನುಂಗಿತು. ಸತ್ಯಜಿತ್ ರೇ ‘ಶತ್ರಂಜ್ ಕೇ ಖಿಲಾಡಿ’ಯಲ್ಲಿ ತೋರಿಸಿದ್ದು ಇದನ್ನೇ, ‘ಶೋಲೆ’ಯ ಗಬ್ಬರ್ ಅಮ್ಜದ್ ಖಾನ್ ಅದರಲ್ಲಿ ಮೆತ್ತನೆಯ ನವಾಬ. ಲಂಡನ್ನಿಗೆ ಹೋಗಿ ರಾಣಿಯನ್ನೇ ಕೇಳುತ್ತೇನೆಂದು ಹೊರಟ ನವಾಬ ಕಲ್ಕತ್ತೆಯಲ್ಲಿ ಕಾಯಿಲೆ ಬಿದ್ದ. ಅವನ ಬದಲು ತಾಯಿ ಮಲಿಕಾ ಕಿಶ್ವರ್ ಹಡಗು ಹತ್ತಿದಳು. ಐವತ್ತು ದಾಟಿದ, ಪರದೆಯಾಚೆ ಕಾಲಿಡದ ಹೆಂಗಸು. ಮಗನ ರಾಜ್ಯ ವಾಪಸ್ ಕೊಡಿಸೆಂದು ಇನ್ನೊಬ್ಬ ಹೆಂಗಸನ್ನು ಕೇಳಲು ಸಮುದ್ರ ದಾಟಿದಳು. ವರ್ಷ ಕಾದು, 1857ರ ಜುಲೈನಲ್ಲಿ ರಾಣಿಯ ಭೇಟಿ ಸಿಕ್ಕಿತು. ಆದರೆ ಅಷ್ಟರಲ್ಲಿ ಮೀರತ್‌ನಲ್ಲಿ ದಂಗೆ ಎದ್ದು, ಇಲ್ಲಿ ಮಗನನ್ನು ಫೋರ್ಟ್ ವಿಲಿಯಂ ಕೋಟೆಯಲ್ಲಿ ಕೂಡಿಹಾಕಿದ್ದರು. ತಾಯಿ ಬರಿಗೈಲಿ ಹೊರಟಳು. 1858ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸತ್ತಳು. ಗೋರಿ ಅಲ್ಲೇ, ಪೇರ್ ಲಾಶೇಸ್ ಸ್ಮಶಾನದಲ್ಲಿದೆ.

ಮಗ ಎರಡು ವರ್ಷದ ನಂತರ ಕೋಟೆಯಿಂದ ಹೊರಬಂದ. ವರ್ಷಕ್ಕೆ 12 ಲಕ್ಷ ರೂಪಾಯಿ ಪಿಂಚಣಿಯಲ್ಲಿ ಮೆಟಿಯಾಬ್ರುಜ್‌ನಲ್ಲಿ ಇನ್ನೊಂದು ಲಖನೌ ಕಟ್ಟಿದ: ಅರಮನೆಗಳು, ಇಮಾಂಬಾಡಾ, ಪ್ರಾಣಿಗಳ ತೋಟ, ಪಾರಿವಾಳ, ಗಾಳಿಪಟ. ಕಲ್ಕತ್ತಾ ಬಿರಿಯಾನಿಯ ಆಲೂಗಡ್ಡೆ ಅವನ ಅಡುಗೆಮನೆಯಿಂದ ಬಂದದ್ದು ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನು ಸತ್ತ ಮೇಲೆ ಆಸ್ತಿ ಹರಾಜಾಯಿತು, ಅರಮನೆಗಳು ಮಾಯವಾದವು. ಉಳಿದದ್ದು ಅವನ ಗೋರಿ ಇರುವ ಸಿಬ್ತೈನಾಬಾದ್ ಇಮಾಂಬಾಡಾ, ಇನ್ನು ಕೆಲವು ಕಟ್ಟಡಗಳು, ಮತ್ತೆ ಈ ಹೊಲಿಗೆಯವರು.

ಮುಂದಿನ ಭಾನುವಾರ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹೊರಗೆ ಲಾರಿ, ರಿಕ್ಷಾಗಳ ಗದ್ದಲ. ಒಳಗೆ ತಣ್ಣಗೆ, ಮೇಲೆ ಗಾಜಿನ ತೂಗುದೀಪಗಳು. ನವಾಬನ ತಾಯಿಯ ಕಥೆ ಹೇಳಿದೆ. ಅಮ್ಮ ಸುಮ್ಮನೆ ಕೇಳಿದಳು. ಆಮೇಲೆ, “ಅವಳೂ ತಾಯಿ, ಇವಳೂ ತಾಯಿ. ಎದುರೆದುರು ಕೂತು ಏನು ಮಾತಾಡಿರಬಹುದು? ಇದನ್ನು ಸಿನಿಮಾದಲ್ಲಿ ಯಾಕೆ ತೋರಿಸಲಿಲ್ಲ?” ಎಂದಳು.

ನನ್ನ ಕಿರಿಕಿರಿಯನ್ನು ಅಮ್ಮ ಒಂದೇ ಪ್ರಶ್ನೆಯಲ್ಲಿ ಹೇಳಿಬಿಟ್ಟಳು. ರಾಣಿಯ ಒಂಟಿತನ ಸುಳ್ಳಲ್ಲ. ಆದರೆ ಅವಳ ಹೆಸರಿನಲ್ಲಿ ನಡೆದ ಆಳ್ವಿಕೆ ಎಷ್ಟು ಜನರನ್ನು ಒಂಟಿ ಮಾಡಿತು ಎಂಬುದಕ್ಕೆ ಕ್ಯಾಮೆರಾ ತಿರುಗುವುದಿಲ್ಲ. ಮರುಕವೂ ಒಂದೇ ಕಡೆಗೆ ಹರಿಯುತ್ತದೆ.

ಇದು ಲಖನೌದವರ ಕಥೆ, ನಮಗೇನು ಅನ್ನಬೇಡಿ. ಪಟ್ಟ ಕಳೆದುಕೊಂಡವರನ್ನು ತಂದಿಡಲು ಕಲ್ಕತ್ತೆ ಬ್ರಿಟಿಷರಿಗೆ ಹೇಳಿಮಾಡಿಸಿದ ಜಾಗವಾಗಿತ್ತು. ನವಾಬನಿಗಿಂತ ಐವತ್ತು ವರ್ಷ ಮೊದಲು, 1806ರ ವೆಲ್ಲೂರು ದಂಗೆಯ ನಂತರ, ಟಿಪ್ಪುವಿನ ಮಕ್ಕಳನ್ನು ಇಲ್ಲಿನ ಟಾಲಿಗಂಜ್‌ಗೆ ಸಾಗಿಸಿದರು. ಧರ್ಮತಲಾದ ಟಿಪ್ಪು ಸುಲ್ತಾನ್ ಮಸೀದಿಯನ್ನು ಕಟ್ಟಿಸಿದ್ದು ಅವನ ಮಗ ಗುಲಾಂ ಮೊಹಮ್ಮದ್, 1842ರಲ್ಲಿ.

ನಮ್ಮ ಕೊಡಗಿನ ಕಥೆಯಂತೂ ರಾಣಿಯ ಮಡಿಲಿಗೇ ಹೋಗಿ ಸೇರುತ್ತದೆ. ಕೊಡಗಿನ ಗೌರಮ್ಮ ಅಂದರೆ ನಮಗೆಲ್ಲ ನೆನಪಾಗುವುದು ಕಥೆಗಾರ್ತಿ. ಅವರಿಗಿಂತ ಮೊದಲೂ ಒಬ್ಬ ಗೌರಮ್ಮ ಇದ್ದಳು, ಚಿಕವೀರ ರಾಜೇಂದ್ರನ ಮಗಳು. ಮಾಸ್ತಿಯವರ ಕಾದಂಬರಿಯಿಂದ ಆ ಅರಸನನ್ನು ನೀವು ಬಲ್ಲಿರಿ. 1834ರಲ್ಲಿ ಪಟ್ಟ ಕಳೆದುಕೊಂಡು ಕಾಶಿ ಸೇರಿದ್ದ ಅವನು, ಕಂಪನಿಯಿಂದ ತನ್ನ ಹಣ ವಸೂಲು ಮಾಡಲು 1852ರಲ್ಲಿ ಮಗಳೊಂದಿಗೆ ಲಂಡನ್ನಿಗೆ ಹೋದ. ಹನ್ನೊಂದರ ಆ ಹುಡುಗಿಯನ್ನು ಕ್ರೈಸ್ತಳನ್ನಾಗಿ ಮಾಡಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಗೌರಮ್ಮ ‘ವಿಕ್ಟೋರಿಯಾ ಗೌರಮ್ಮ’ ಆದಳು. ಅಪ್ಪ 1859ರಲ್ಲಿ ಅಲ್ಲೇ ತೀರಿಕೊಂಡ. ಮಗಳು ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಮಗುವನ್ನು ಹೆತ್ತು, 1864ರಲ್ಲಿ ಸತ್ತಳು. ಇಪ್ಪತ್ತಮೂರೂ ತುಂಬಿರಲಿಲ್ಲ.

ಮಡಿಕೇರಿಯ ಗದ್ದುಗೆಯನ್ನು ಅಮ್ಮ ಚಿಕ್ಕಂದಿನಿಂದ ನೋಡಿದವಳು. ಅಲ್ಲಿ ದೊಡ್ಡವೀರ ರಾಜೇಂದ್ರ ಇದ್ದಾನೆ, ಲಿಂಗರಾಜೇಂದ್ರ ಇದ್ದಾನೆ, ಚಿಕವೀರ ಇಲ್ಲ. ಯಾಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಗಳ ವಿಷಯ ಗೊತ್ತಿರಲಿಲ್ಲ. ಹಾಲೇರಿ ಅರಸರ ಆಸ್ಥಾನದ ಭಾಷೆ ಕನ್ನಡ ತಾನೇ? ಅಮ್ಮ ಕೇಳಿದ್ದು ಇಷ್ಟು: “ಅಪ್ಪ ಹೋದ ಮೇಲೆ ಆ ಹುಡುಗಿ ಅಲ್ಲಿ ಯಾರ ಹತ್ತಿರ ಕನ್ನಡ ಮಾತಾಡಿದಳು?”

ಉತ್ತರ ನನ್ನಲ್ಲಿಲ್ಲ. ಆದರೆ ಈಗ ಕಚೇರಿಯಿಂದ ಬಂದವಳು ಮೊಬೈಲ್ ಬದಿಗಿಟ್ಟು, ಕಾಫಿ ಹಿಡಿದು ಅಮ್ಮನ ಪಕ್ಕ ಕೂರುತ್ತೇನೆ.

ಸಿನಿಮಾ ನೋಡಿ, ಖಂಡಿತ ನೋಡಿ. ಕಲ್ಕತ್ತೆಗೆ ಬಂದಾಗ ವಿಕ್ಟೋರಿಯಾ ಮೆಮೋರಿಯಲ್ ಮುಂದೆ ಫೋಟೊನೂ ತೆಗೆಸಿಕೊಳ್ಳಿ. ಆಮೇಲೆ ಒಂದು ಟ್ಯಾಕ್ಸಿ ಹಿಡಿದು ಖಿದಿರ್‌ಪುರ ದಾಟಿ ಮೆಟಿಯಾಬ್ರುಜ್‌ಗೂ ಬನ್ನಿ. ಇಮಾಂಬಾಡಾ ನೋಡಿಕೊಂಡು ನಮ್ಮ ಮನೆಗೂ ಬಂದು ಹೋಗಿ. ಕನ್ನಡ ಮಾತಾಡುವವರು ಬಂದರೆ ಅಮ್ಮ ಊಟ ಮಾಡಿಸದೆ ಬಿಡುವುದಿಲ್ಲ.