ಹನ್ನೆರಡನೇ ಫ್ರೆಟ್ಟಿನ ಆಚೆ

ನಮ್ಮ ಕಡೆಯವರಿಗೆ ಮೇಲಿನ ಸ್ವರವೆಂದರೆ ಮೊದಲಿನಿಂದಲೂ ಒಂದು ಮೋಹ. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೆಗೆ ಹೋಗಿ ನೋಡಿ. ಸುಗ್ಗಿ ಮುಗಿದ ಮೇಲೆ ಎಲ್ಲಾದರೂ ಒಂದು ಊರಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ನಡೆಯುತ್ತಲೇ ಇರುತ್ತದೆ. ಹಗಲು ಕಬ್ಬು ಕಡಿದವನು ರಾತ್ರಿ ದುರ್ಯೋಧನ, ಹಾಲಿನ ಡೈರಿಗೆ ಕ್ಯಾನು ಹೊತ್ತವನು ಕೃಷ್ಣ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ತಿದ್ದಿದ ಮಟ್ಟುಗಳು ಆಟದ ದಿನ ಹೊರಬೀಳುತ್ತವೆ. ಕಂದಪದ್ಯ ಹಾಡುತ್ತ ಹಾಡುತ್ತ ತಾರಸ್ಥಾಯಿಗೆ ಏರಿದ ದುರ್ಯೋಧನ ಅಲ್ಲೇ ಉಸಿರು ಕಟ್ಟಿ ನಿಂತನೆಂದರೆ ಪೆಂಡಾಲಿನ ಕೊನೆಯಿಂದ ‘ಒನ್ಸ್ ಮೋರ್’ ಕೂಗು ಏಳುತ್ತದೆ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಮಾತು ಮುಟ್ಟಬೇಕಿತ್ತು, ಅದಕ್ಕೇ ಕಂಪನಿ ನಾಟಕದವರು ಶ್ರುತಿ ಏರಿಸಿಕೊಂಡೇ ಹಾಡುತ್ತಿದ್ದರು. ಈಗ ಮೈಕು ಬಂದಿದೆ, ಏರು ಶ್ರುತಿ ಮಾತ್ರ ಹೋಗಿಲ್ಲ.

ಇಂಥ ಕಿವಿ ಹೊತ್ತುಕೊಂಡೇ ನಾನು ಗಿಟಾರಿಗೆ ಬಂದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಹೆಚ್ಚಾಗಿ ಕಾರ್ಡ್ ಬಾರಿಸುತ್ತ ಹಿಂದೆ ನಿಲ್ಲುವ ವಾದ್ಯ. ನನಗೆ ಬೇಕಾಗಿದ್ದದ್ದು ಹನ್ನೆರಡನೇ ಫ್ರೆಟ್ಟಿನ, ಅಂದರೆ ಕತ್ತಿನ ಮೇಲಿನ ಹನ್ನೆರಡನೇ ಅಡ್ಡಪಟ್ಟಿಯ, ಆಚೆಗಿನ ಪ್ರದೇಶ. ತಂತಿಯ ಸರಿಯಾಗಿ ಅರ್ಧಕ್ಕೆ ಬರುವ ಜಾಗ ಆ ಫ್ರೆಟ್ಟು. ಮೊದಲನೇ ತಂತಿಯನ್ನು ಒತ್ತದೆ ಮೀಟಿದರೆ ಸೆಕೆಂಡಿಗೆ ಸುಮಾರು 330 ಕಂಪನ, 12ನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ 660. ಮೇಲಕ್ಕೆ ಹೋದಂತೆ ಎರಡು ಫ್ರೆಟ್ಟುಗಳ ನಡುವಿನ ಮನೆಗಳು ಕಿರಿದಾಗುತ್ತ ಹೋಗುತ್ತವೆ. ತಂತಿಯ ಉದ್ದ 648 ಮಿಲಿಮೀಟರ್ ಇರುವ ಗಿಟಾರಿನಲ್ಲಿ ಮೊದಲ ಮನೆಯ ಅಗಲ 36 ಮಿಲಿಮೀಟರಿನಷ್ಟಿದ್ದರೆ, ಇಪ್ಪತ್ತನೆಯದು ಬರೀ 12. ಬೆರಳೇನೂ ಸಣ್ಣದಾಗುವುದಿಲ್ಲವಲ್ಲ!

ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬ ಒಮ್ಮೆ ಕೇಳಿದ: “ಅಣ್ಣ, ಹನ್ನೆರಡರಿಂದ ಮೇಲಕ್ಕೆ ಹೋದ್ರೆ ಸೌಂಡೇ ಸೊರಗೋಯ್ತದೆ ಕಣಣ್ಣ, ಯಾಕೆ?” ಅವನ ಕೈ ನೋಡಿದೆ. ಎಡಗೈ ಮೇಲಕ್ಕೆ ಹೋಗಿತ್ತು, ಬಲಗೈ ಇದ್ದಲ್ಲೇ ಇತ್ತು. ಒತ್ತುವ ಬೆರಳು ಮೇಲೆ ಹೋದಷ್ಟೂ ಮಿಡಿಯುವ ತಂತಿ ಗಿಡ್ಡವಾಗುತ್ತದೆ. ಮೊದಲಿನ ಜಾಗದಲ್ಲೇ ಮೀಟಿದರೆ ಉಳಿದ ತುಂಡಿನ ನಟ್ಟನಡುವೆ ಮೀಟಿದಂತಾಗಿ ನಾದ ಮಂಕಾಗುತ್ತದೆ. ಬಲಗೈಯನ್ನು ಬ್ರಿಜ್ಜಿನ ಕಡೆಗೆ ಸ್ವಲ್ಪ ಸರಿಸಬೇಕು. ಇನ್ನೊಂದು, ಅವನು ಭಯಕ್ಕೆ ಅಮುಕಿ ಹಿಡಿದಿದ್ದ. ಮೇಲಿನ ಮನೆಗಳಲ್ಲಿ ಅಮುಕಿದಷ್ಟೂ ಸ್ವರ ಏರುಪೇರಾಗುತ್ತದೆ. ಫ್ರೆಟ್ಟಿನ ಬೆನ್ನಿಗೇ ಬೆರಳಿಟ್ಟು, ಸದ್ದು ಹುಟ್ಟುವಷ್ಟು ಮಾತ್ರ ಒತ್ತಿದರೆ ಸಾಕು. ಹೆಬ್ಬೆರಳಿನದೂ ಒಂದು ಕಥೆ. ಕ್ಲಾಸಿಕಲ್ ಗಿಟಾರಿನ ಕತ್ತು 12ನೇ ಫ್ರೆಟ್ಟಿನಲ್ಲೇ ಒಡಲಿಗೆ ಸೇರುತ್ತದೆ, ಸಾಮಾನ್ಯ ಅಕೌಸ್ಟಿಕ್ಕಿನದು 14ರಲ್ಲಿ. ಅದರಾಚೆ ಹೆಬ್ಬೆರಳಿಗೆ ಹಿಂದಿನಿಂದ ಆಸರೆಯಿಲ್ಲ. ಅದನ್ನು ಕತ್ತಿನ ಪಕ್ಕಕ್ಕೆ ತಂದು, ಮೊಣಕೈ ಮುಂದಕ್ಕೆ ಚಾಚಿ, ಇಡೀ ತೋಳನ್ನೇ ಒಳಗೆ ಕಳಿಸಬೇಕು. ಬರೀ ಬೆರಳು ಚಾಚಿ ಎಟುಕಿಸುತ್ತೇನೆ ಎಂದರೆ ಮಣಿಕಟ್ಟು ನೋಯುತ್ತದೆ.

ಇದೆಲ್ಲ ಕೈಯ ಮಾತಾಯಿತು. ಅವನಿಗೆ ನಾನು ಹೇಳಬೇಕೆಂದಿದ್ದ ದೊಡ್ಡ ಮಾತು ಬೇರೆ. ಅವನು ನುಡಿಸಲು ಕೂತದ್ದೇ ಹದಿನೈದನೇ ಫ್ರೆಟ್ಟಿನಲ್ಲಿ, ಎದ್ದದ್ದೂ ಅಲ್ಲೇ. ಕುರುಕ್ಷೇತ್ರದ ದುರ್ಯೋಧನ ಎಂದಾದರೂ ಹಾಗೆ ಮಾಡಿದ್ದುಂಟೆ? ಮಧ್ಯಸ್ಥಾಯಿಯಲ್ಲಿ ಓಡಾಡಿ, ಮಾತು ಬೆಳೆಸಿ, ಸಿಟ್ಟು ಬಲಿತ ಮೇಲಷ್ಟೇ ಅವನು ಮೇಲೇರುವುದು. ಕೆಳಗಿನ ಸ್ವರ ಕಿವಿಯಲ್ಲಿ ಇನ್ನೂ ನಿಂತಿರುವಾಗಲೇ ಮೇಲಿನದಕ್ಕೆ ಎತ್ತರ.

ಶ್ರೀರಂಗಪಟ್ಟಣದ ಹೆಸರು ಹೇಗೂ ಬಂತು, ಮೇಲಿನ ಸ್ವರಕ್ಕೆ ಕೆಳಗಿನದು ಬೇಕೆಂಬ ಮಾತಿಗೆ ಅಲ್ಲಿನದೇ ಒಂದು ಉದಾಹರಣೆ. 1799ರಲ್ಲಿ ಕೋಟೆ ಬಿದ್ದಾಗ ಇಂಗ್ಲಿಷರು ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದರ ಹೊಟ್ಟೆಯೊಳಗೆ 18 ಸ್ವರಗಳ ಪುಟ್ಟ ಆರ್ಗನ್ ಇದೆ. ಹಿಡಿ ತಿರುಗಿಸಿದರೆ ಕೆಳಗೆ ಬಿದ್ದ ಸಿಪಾಯಿ ಚೀರುತ್ತಾನೆ, ಹುಲಿ ಗುರುಗುಟ್ಟುತ್ತದೆ. ಆ ಗುರುಗುಟ್ಟುವಿಕೆ ಇಲ್ಲದೆ ಬರೀ ಚೀರಾಟ ಕೇಳಿಸಿದ್ದರೆ ಯಾರ ಎದೆಯೂ ಝಲ್ ಎನ್ನುತ್ತಿರಲಿಲ್ಲ. ಮಾಡಿದವನಿಗೆ ಕಿವಿಯಿತ್ತು.

ಮೈಸೂರಿನ ವೀಣೆಯವರು ಈ ಸೂಕ್ಷ್ಮವನ್ನು ಎಂದೋ ಬಲ್ಲವರು. ವೀಣೆ ಶೇಷಣ್ಣನವರ (1852–1926) ಊರು ಇಲ್ಲಿಂದ ಎಷ್ಟು ದೂರ? ಶ್ರೀರಂಗಪಟ್ಟಣದ ಸೇತುವೆ ದಾಟಿದರೆ ಆಯಿತು. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು. ಹನ್ನೆರಡನೆಯದಕ್ಕೆ ಒಂದು ಸ್ಥಾಯಿ, ಇಪ್ಪತ್ನಾಲ್ಕಕ್ಕೆ ಎರಡು, ಗಿಟಾರಿನ ಲೆಕ್ಕವೇ. ಆದರೆ ವೈಣಿಕರು ಪ್ರತಿ ಸ್ವರಕ್ಕೂ ಕೈ ಓಡಿಸುವುದಿಲ್ಲ, ಕೆಳಗಿನ ಮೆಟ್ಟಿಲಿನಲ್ಲಿ ನಿಂತು ತಂತಿಯನ್ನು ಪಕ್ಕಕ್ಕೆ ಎಳೆದು ಮೇಲಿನ ಸ್ವರವನ್ನು ಅಲ್ಲಿಗೇ ಕರೆಸುತ್ತಾರೆ. ಗಿಟಾರಿನಲ್ಲೂ 10ನೇ ಫ್ರೆಟ್ಟಿನಲ್ಲಿ ಎಳೆದರೆ 12ರ ಸ್ವರ ಬರುತ್ತದೆ. ಸುಮ್ಮನೆ 12ಕ್ಕೆ ಹಾರಿದಾಗ ಇಲ್ಲದ ಏರು ಇದರಲ್ಲಿ ಕೇಳುತ್ತದೆ, ಆಸೆಪಟ್ಟು ಹತ್ತಿದ ಏರು. ದೊರೆಸ್ವಾಮಿ ಅಯ್ಯಂಗಾರ್ಯರ (1920–1997) ಧ್ವನಿಮುದ್ರಣಗಳಿವೆ, ಗಿಟಾರ್ ಕಲಿಯುವವರು ಇಂಗ್ಲಿಷ್ ಸೋಲೋಗಳ ಜೊತೆಗೆ ಅವನ್ನೂ ಕೂತು ಕೇಳಬೇಕು ಎಂಬುದು ನನ್ನ ಹಟ.

ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಸಾಲುಗಳನ್ನು ಸಿ. ಅಶ್ವತ್ಥ್ ಎತ್ತಿ ಹಾಡಿದ್ದನ್ನು ಕೇಳುವಾಗಲೂ ನನಗೆ ಆಸೆಪಟ್ಟು ಹತ್ತಿದ ಇದೇ ಏರು ಕಾಣುತ್ತದೆ. ಆ ಗಂಟಲು ಮೇಲೆ ಹೋದಾಗ ತೆಳುವಾಗುತ್ತಿರಲಿಲ್ಲ, ಅದರ ತೂಕ ಹಾಗೇ ಉಳಿಯುತ್ತಿತ್ತು.

ಈ ತೂಕ ಗಿಟಾರಿಗೆ ಎಲ್ಲಿಂದ ಬರಬೇಕು? ಹುಡುಗನಿಗೆ ಕೊನೆಗೆ ತೋರಿಸಿದ್ದು ಅದನ್ನೇ. ಮೊದಲನೇ ತಂತಿಯ 12ರಲ್ಲಿ ಸಿಗುವ ಸ್ವರವೇ ಎರಡನೇ ತಂತಿಯ 17ರಲ್ಲಿ, ಮೂರನೆಯದರ 21ರಲ್ಲಿ ಕೂಡ ಸಿಗುತ್ತದೆ. ಮೊದಲನೆಯದು ಹೊಳಪು, ಚುರುಕು. ಕುಣಿಸುವ ಹಾಡಿಗೆ ಸರಿ. ಮೂರನೆಯದು ಕುತ್ತಿಗೆ ಬಿಗಿದಂತೆ ಕೇಳುತ್ತದೆ, ಎಲ್ಲ ಗಿಟಾರಿನಲ್ಲೂ ಕೈಯೂ ಹೋಗುವುದಿಲ್ಲ. ಎರಡನೇ ತಂತಿ ದಪ್ಪ, ಅದರ ನಾದಕ್ಕೆ ಮೈಯಿದೆ. ದುರ್ಯೋಧನನ ಕಂದವನ್ನು ಗಿಟಾರಿನಲ್ಲಿ ನುಡಿಸುವುದಾದರೆ ನನಗೆ ಆ 17ನೇ ಫ್ರೆಟ್ಟೇ ಬೇಕು.