ಅಕ್ಕನ ಮದುವೆಯಲ್ಲಿ ಕಾಗದದ ಖಾತೆ ನನ್ನದು

1/5

ಅಕ್ಕನ ಮದುವೆಗೆ ಸೀರೆ ಖಾತೆ ಅತ್ತೆಗೆ, ಅಡುಗೆ ಖಾತೆ ದೊಡ್ಡಪ್ಪಂಗೆ, ಬಂಗಾರ ಅಮ್ಮಂಗೆ ಹೋಯ್ತು. "ನೀನು ಬಿಕಾಂ ಅಲ್ವಾ, ಪ್ರಿಂಟಿಂಗ್ ನೋಡ್ಕೋ" ಅಂತ ನನಗೆ ಕಾಗದದ ಖಾತೆ ಬಂತು. ಬಿಕಾಂಗೂ ಪ್ರಿಂಟಿಂಗ್‌ಗೂ ಏನ್ರೀ ಸಂಬಂಧ? ಲಗ್ನಪತ್ರಿಕೆ, ತಾಂಬೂಲದ ಚೀಲ, ಸ್ವಾಗತದ ಬೋರ್ಡು, ಮುಯ್ಯಿ ಬುಕ್ಕು, ಹೀಗೆ ಹೆಸರು ಬರೆಯೋದೆಲ್ಲ ನನ್ನ ಪಾಲಿಗೆ. ಫೋಟೋ ಸ್ವೈಪ್ ಮಾಡ್ತಾ ಓದಿ, ಐದು ಪೋಸ್ಟ್ ಆಗುತ್ತೆ. ಮನೇಲಿ ಯಾರದ್ದಾದ್ರೂ ಮದುವೆ ಇದ್ರೆ ಸೇವ್ ಮಾಡ್ಕೊಳ್ಳಿ.

ನಾವಿರೋದು ವಿಜಯನಗರ. ಪರ್ಪಲ್ ಲೈನಲ್ಲಿ ಮೆಜೆಸ್ಟಿಕ್, ಅಲ್ಲಿ ಗ್ರೀನ್ ಲೈನಿಗೆ ಬದಲಿಸಿದ್ರೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ರಾಜಾಜಿನಗರದವರಿಗೆ ಬದಲಿಸೋ ತಾಪತ್ರಯನೂ ಇಲ್ಲ. ಚಿಕ್ಕಪೇಟೆ, ಸುಲ್ತಾನ್‌ಪೇಟೆ ಕಡೆ ಕಾರ್ಡ್ ಅಂಗಡಿಗಳು ಸಾಲಾಗಿವೆ. ಮೊದಲು ತಿಳ್ಕೊಬೇಕಾಗಿದ್ದು ಏನಂದ್ರೆ, ಅಲ್ಲಿ ತೋರಿಸೋದು ಬಹುಪಾಲು ಖಾಲಿ ಕಾರ್ಡು. ಗಣೇಶ, ಕಮಾನು, ಚಿನ್ನದ ಬಣ್ಣದ ಅಂಚು ಎಲ್ಲ ಮೊದಲೇ ರೆಡಿ ಆಗಿ ಬಂದಿರುತ್ತೆ. ನಮ್ಮ ಮ್ಯಾಟರ್ ಮಾತ್ರ ಇಲ್ಲಿ ಅಚ್ಚಾಗೋದು. ಅದಕ್ಕೇ ಕಾರ್ಡಿನ ರೇಟ್ ಬೇರೆ, ಪ್ರಿಂಟಿಂಗ್ ರೇಟ್ ಬೇರೆ.

ಇಲ್ಲಿ ನಮ್ಮ ಕಾಸ್ಟಿಂಗ್ ಕ್ಲಾಸ್ ನೆನಪಾಯ್ತು. ಪ್ಲೇಟ್ ಮಾಡೋ ಖರ್ಚು ನೂರು ಕಾರ್ಡಿಗೂ ಒಂದೇ, ಐನೂರಕ್ಕೂ ಒಂದೇ. ಹಾಗಾಗಿ ಹೆಚ್ಚು ಮಾಡಿಸಿದಷ್ಟೂ ಪ್ರಿಂಟಿಂಗ್ ಅಗ್ಗ ಅನ್ಸುತ್ತೆ, ಆದ್ರೆ ಖಾಲಿ ಕಾರ್ಡಿನ ಬೆಲೆ ಹಾಗೆ ಇಳಿಯಲ್ಲ. ಅಕ್ಕ ಇಷ್ಟಪಟ್ಟಿದ್ದು 85 ರೂಪಾಯಿಯ ಬಾಕ್ಸ್ ಕಾರ್ಡು. ತಗೊಂಡಿದ್ದು 24 ರೂಪಾಯಿಯದು. 350 ಕಾರ್ಡಿಗೆ ವ್ಯತ್ಯಾಸ 21,350 ರೂಪಾಯಿ. ಅಂಗಡಿಯಲ್ಲೇ ಫೋನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಅಕ್ಕ ಬಾಕ್ಸನ್ನ ಒಂದ್ಸಲ ಮುಚ್ಚಿ, ತೆಗೆದು, ವಾಪಸ್ ಇಟ್ಲು.

ಆಮೇಲೆ ಬಿಲ್ ಕೇಳಿ ತಗೊಳ್ಳಿ. ಕಾರ್ಡಿನ ಮುಂದೆ ಎಚ್‌ಎಸ್‌ಎನ್ 4909 ಅಂತ ಇರುತ್ತೆ. ಜಿಎಸ್‌ಟಿ ಪೇಪರ್‌ಗೆ ಓದೋರಿಗೆ ಫ್ರೀ ಉದಾಹರಣೆ.

2/5

ಈ ಫೋಟೋ ನೋಡಿ ಎಲ್ಲರೂ ನಕ್ಕಿದ್ದಾರೆ. ನಾನು ವಾಟ್ಸಾಪ್‌ನಲ್ಲಿ ಕಳಿಸಿದ ಅಚ್ಚುಕಟ್ಟಾದ ಕನ್ನಡ ಮ್ಯಾಟರ್, ಡಿಟಿಪಿ ಅಂಗಡಿಯ ಸ್ಕ್ರೀನ್ ಮೇಲೆ ಹುಳ ಹರಿದಾಡಿದ ಹಾಗೆ ಕಾಣ್ತಿದೆ.

ಕಾರಣ ಸಿಂಪಲ್. ಫೋನಲ್ಲಿ ನಾವು ಟೈಪ್ ಮಾಡೋದು ಯೂನಿಕೋಡ್. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನಡೆಯೋದು ನುಡಿ, ಶ್ರೀಲಿಪಿ ಥರದ ಹಳೇ ಫಾಂಟ್‌ಗಳು. ಅವು ಕನ್ನಡ ಅಕ್ಷರಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿಟ್ಟಿರ್ತವೆ. ಬದಲಾಯಿಸೋ ಸಾಫ್ಟ್‌ವೇರ್ ಇದೆ, ಆದ್ರೆ ಸೀಸನ್‌ನಲ್ಲಿ ಆಪರೇಟರ್ ನೇರವಾಗಿ ಮತ್ತೆ ಟೈಪ್ ಮಾಡಿಬಿಡ್ತಾರೆ. ತಪ್ಪು ನುಸುಳೋದು ಅಲ್ಲೇ. ನಮ್ಮ ಮೊದಲ ಪ್ರೂಫ್‌ನಲ್ಲಿ ವಧೂವರರು "ವದೂವರರು" ಆಗಿದ್ರು, ಭೋಜನ "ಬೋಜನ" ಆಗಿತ್ತು. ಹೊಟ್ಟೆಗೆ ಏನೂ ವ್ಯತ್ಯಾಸ ಆಗ್ತಿರಲಿಲ್ಲ, ಆದ್ರೂ.

ಪ್ರೂಫನ್ನ ಫೋನಲ್ಲಿ ನೋಡಿ ಓಕೆ ಅನ್ನಬೇಡಿ. ಪ್ರಿಂಟ್ ತೆಗೆಸಿ, ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಬೆರಳಿಟ್ಟು ನೋಡಿ. ತಾರೀಖಿಗೂ ವಾರಕ್ಕೂ ತಾಳೆ ಆಗುತ್ತಾ ಅಂತ ಕ್ಯಾಲೆಂಡರ್ ತೆಗೆದು ನೋಡಿ. ಹೆಸರುಗಳನ್ನ ಆಧಾರ್ ಕಾರ್ಡ್ ಪಕ್ಕ ಇಟ್ಕೊಂಡೇ ನೋಡಿ, ಯಾಕಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆನೂ ಕೇಳ್ತಾರೆ. ಅದು ಬರೀ ಅಲಂಕಾರ ಅಲ್ಲ, ದಾಖಲೆ.

3/5

ಈ ಪೋಸ್ಟ್ ಹಾಕ್ಲಾ ಬೇಡ್ವಾ ಅಂತ ಅಮ್ಮನ್ನ ಕೇಳಿದೆ. "ಹೆಸರು ಹಾಕಬೇಡ, ಉಳಿದಿದ್ದು ಬರಿ" ಅಂದ್ಲು. ಅದಕ್ಕೇ ಫೋಟೋದಲ್ಲಿ ಹೆಸರುಗಳ ಮೇಲೆ ಅರಿಶಿನದ ಕೊಂಬು ಇಟ್ಟಿದ್ದೀನಿ.

ನಾನು ಹತ್ತನೇ ಕ್ಲಾಸಲ್ಲಿದ್ದಾಗ ಅಪ್ಪ ತೀರಿಕೊಂಡ್ರು. ಆಮೇಲಿನ ಅಕ್ಕನ ಫೀಸು, ನನ್ನ ಫೀಸು, ಕೆಂಗೇರಿ ಕಡೆ ಛತ್ರಕ್ಕೆ ಕೊಟ್ಟ ಅಡ್ವಾನ್ಸು, ಎಲ್ಲಾ ಅಮ್ಮನ ಗಾರ್ಮೆಂಟ್ಸ್ ಸಂಬಳ ಮತ್ತೆ ಎರಡು ಚೀಟಿ. ದೊಡ್ಡಪ್ಪ ಬಿಳಿ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಮ್ಯಾಟರ್ ಬರ್ಕೊಂಡು ಬಂದ್ರು. ಆಹ್ವಾನಿಸೋರು ದೊಡ್ಡಮ್ಮ, ದೊಡ್ಡಪ್ಪ. ಹುಡುಗಿ ಯಾರು ಅಂದ್ರೆ ದಿವಂಗತ ಅಪ್ಪನ ಸುಪುತ್ರಿ. ಅಮ್ಮನ ಹೆಸರು ಹುಡುಕಿದ್ರೆ ಕೆಳಗೆ "ತಮ್ಮ ಸುಖಾಗಮನ ಬಯಸುವವರು" ಪಟ್ಟಿಯ ಮೂರನೇ ಸಾಲಲ್ಲಿ ಇತ್ತು, ಚಿಕ್ಕಮ್ಮಂದಿರ ಜೊತೆ.

ದೊಡ್ಡಪ್ಪನ್ನ ಕೆಟ್ಟವರು ಅಂದ್ಕೊಬೇಡಿ. ಅಪ್ಪ ಆಸ್ಪತ್ರೆಲಿದ್ದಾಗ ಹನ್ನೊಂದು ರಾತ್ರಿ ಕಾರಿಡಾರಲ್ಲಿ ಮಲಗಿದ್ದವರು ಅವರು. ಅವರ ವಾದ ಏನಂದ್ರೆ, ಧಾರೆ ಎರೆಯೋಕೆ ದಂಪತಿ ಬೇಕು, ಎರೆಯೋರು ನಾವು, ಎರೆಯೋರ ಹೆಸರಲ್ಲೇ ಕರೆಯೋದು ಪದ್ಧತಿ. "ಜನ ಏನಂತಾರೆ" ಅಂತ ಕೊನೇಲಿ ಸೇರಿಸಿದ್ರು. ಅಮ್ಮ "ಆಗ್ಲಿ ಬಿಡಿ ಭಾವ" ಅಂತ ಕಾಫಿ ಲೋಟ ಎತ್ಕೊಂಡು ಒಳಗೆ ಹೋದ್ಲು. ಅಕ್ಕ ಮಾತ್ರ, "ಹಾಗಾದ್ರೆ ಕಾರ್ಡೇ ಬೇಡ, ನಾನು ಫೋನ್ ಮಾಡಿ ಎಲ್ಲರನ್ನೂ ಕರೀತೀನಿ" ಅಂದ್ಲು. ಎರಡು ದಿನ ಮನೇಲಿ ಟಿವಿ ಸೌಂಡ್ ಬಿಟ್ರೆ ಬೇರೆ ಸೌಂಡ್ ಇರಲಿಲ್ಲ.

ನಾನು ಬಸವೇಶ್ವರನಗರದ ಡಿಟಿಪಿ ಅಂಗಡಿಗೆ ಹೋಗಿ ಆಪರೇಟರ್‌ಗೆ ವಿಷಯ ಹೇಳಿದೆ. ಅವರು ಕತ್ತೂ ತಿರುಗಿಸಲಿಲ್ಲ. "ಇದೇನು ಹೊಸದಲ್ಲಮ್ಮ, ಮೊನ್ನೆನೂ ಒಂದು ಮಾಡಿದ್ದೀನಿ" ಅಂತ ಹಳೇ ಫೈಲ್ ತೆಗೆದು ತೋರಿಸಿದ್ರು. ತಾಯಿಯೊಬ್ಬರದೇ ಹೆಸರು ಮೇಲೆ, ಕೆಳಗೆ ಧಾರೆ ಎರೆಯೋ ದಂಪತಿಗೆ ಬೇರೆ ಸಾಲು. ನಮ್ಮನೇಲಿ ಎರಡು ದಿನ ಯುದ್ಧ ನಡೆಸಿದ ವಿಷಯ ಅವರ ಕಂಪ್ಯೂಟರಲ್ಲಿ ಒಂದು ಟೆಂಪ್ಲೇಟು!

ಎರಡು ಪ್ರೂಫ್ ತೆಗೆಸಿದೆ. ಒಂದು ದೊಡ್ಡಪ್ಪ ಬರೆದ ಹಾಗೆ, ಇನ್ನೊಂದು ಹೀಗೆ. ಅಕ್ಷರದ ಸೈಜು, ಕಾಗದ ಎಲ್ಲ ಒಂದೇ. ಎರಡನ್ನೂ ಅವರ ಮುಂದೆ ಇಟ್ಟು ನಾನೇನೂ ಮಾತಾಡಲಿಲ್ಲ. ಕನ್ನಡಕ ಹಾಕ್ಕೊಂಡು ಎರಡನೇದನ್ನ ಬೆರಳಿಟ್ಟು ಓದಿದ್ರು. ತುಂಬ ಹೊತ್ತು. ಆಮೇಲೆ ಧಾರೆಯ ಸಾಲಿನ ಹತ್ರ ನಿಂತು, "ನನ್ನ ಹೆಸರಿನ ಮುಂದೆ ನಿವೃತ್ತ ಮುಖ್ಯೋಪಾಧ್ಯಾಯರು ಅಂತ ಹಾಕ್ಸು" ಅಂದ್ರು.

ಅಷ್ಟೇ. ಅಮ್ಮಂಗೆ ಅಚ್ಚಾದ ಕಾರ್ಡ್ ಕೊಟ್ಟಾಗ ಕಣ್ಣಲ್ಲಿ ನೀರು ಬರುತ್ತೆ ಅಂತ ನಾನು ಕ್ಯಾಮೆರಾ ಆನ್ ಮಾಡಿ ಕೂತಿದ್ದೆ. ಅವಳು ಮೊದಲು ನೋಡಿದ್ದು ತನ್ನ ಇನಿಶಿಯಲ್. "ಆಧಾರ್‌ನಲ್ಲಿರೋ ಹಾಗೇ ಇದೆ ತಾನೆ?" ಆ ವಿಡಿಯೋ ಸ್ಟೋರಿಗೆ ಉಪಯೋಗಕ್ಕೆ ಬರಲಿಲ್ಲ. ಕಾರ್ಡ್ ಕೊಡೋಕೆ ಹೋದ ಒಂದು ಮನೇಲಿ ಒಬ್ಬ ಅಜ್ಜಿ, "ನೀನೇ ಕರೀತಿದ್ದೀಯಾ?" ಅಂತ ಅಮ್ಮನ್ನೇ ಕೇಳಿದ್ರಂತೆ. "ಹೂಂ, ನಾನೇ. ಬರಬೇಕು" ಅಂದು ಅಕ್ಷತೆ ಕೊಟ್ಟು ಬಂದಳಂತೆ.

4/5

ತಾಂಬೂಲದ ಚೀಲ. ಅಂಗಡಿಯಲ್ಲಿ ಬಟ್ಟೆ ಥರ ಕಾಣೋ ಬಣ್ಣಬಣ್ಣದ ಚೀಲ ಇರುತ್ತಲ್ಲ, ನಾನ್ ವೋವನ್ ಅಂತ, ಅದು ಬಟ್ಟೆ ಅಲ್ಲ. ಪಾಲಿಪ್ರೊಪಿಲೀನ್, ಅಂದ್ರೆ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್, ಫ್ಲೆಕ್ಸ್ ಎಲ್ಲ 2016ರ ಮಾರ್ಚ್‌ನಿಂದ ನಿಷೇಧ. ಕಾರ್ಡಿನ ಮೇಲೆ ಸುತ್ತೋ ತೆಳು ಪ್ಲಾಸ್ಟಿಕ್ ಹಾಳೆನೂ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಬ್ಯಾನ್. ನಿಷೇಧದ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆ ಅಂತ ಹೆಸರು ಹಾಕಿಯೇ ಹೇಳಿದ್ದಾರೆ.

ನಾವು ಕೋರಾ ಬಟ್ಟೆ ತಂದ್ವಿ. ಅಮ್ಮನ ಜೊತೆ ಕೆಲಸ ಮಾಡೋ ಇಬ್ಬರು ಆಂಟಿಯರು ಹೊಲಿದುಕೊಟ್ರು. ಮೇಲೆ ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟ್, ಯಾಕಂದ್ರೆ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಬೇರೆ ದುಡ್ಡು. ನನ್ನ ಕಡೆಯಿಂದ ಒಂದೇ ಹಠ: ತಾರೀಖು ಬೇಡ. ತಾರೀಖಿರೋ ಚೀಲ ಮೂಲೆ ಸೇರುತ್ತೆ, ಇಲ್ಲದಿದ್ದರೆ ತರಕಾರಿಗೆ ಹೋಗುತ್ತೆ. ಮದುವೆ ಆಗಿ ಮೂರೇ ವಾರ, ಆಗಲೇ ವಿಜಯನಗರ ಮಾರ್ಕೆಟ್‌ನಲ್ಲಿ ಅಕ್ಕ ಭಾವನ ಹೆಸರಿನ ಒಳಗಿಂದ ನುಗ್ಗೇಕಾಯಿ ಇಣುಕ್ತಿದ್ದದ್ದನ್ನ ನೋಡಿದೆ.

ನೀರಿನ ಬಾಟಲಿಗೆ ಹೆಸರಿನ ಸ್ಟಿಕ್ಕರ್ ಮಾತ್ರ ದಂಡ. ಕುಡಿದು ಬಿಸಾಕೋ ವಸ್ತುವಿನ ಮೇಲೆ ಹೆಸರು ಯಾಕೆ?

5/5

ಕೊನೇ ಫೋಟೋದಲ್ಲಿರೋದು ಉದ್ದನೇ ಲೆಕ್ಕದ ಪುಸ್ತಕ. ನಮ್ಮನೇಲಿ ಎರಡಿವೆ. ಹಳೇದು ಅಪ್ಪ ಅಮ್ಮನ ಮದುವೆಯ ಮುಯ್ಯಿ ಬುಕ್ಕು, 1999ರದು. ಮೊದಲ ಹಾಳೆಯಲ್ಲಿ ಶ್ರೀ, ನಾಲ್ಕು ಮೂಲೆಗೆ ಅರಿಶಿನ. ಅಕ್ಷರ ದೊಡ್ಡಪ್ಪನದು, ಆಗಲೂ ಮುತ್ತೇ. ಒಂದೊಂದು ಹೆಸರಿನ ಮುಂದೆ 51, 101, ಸ್ಟೀಲ್ ಡಬ್ಬಿ, ಗೋಡೆ ಗಡಿಯಾರ. ಗಡಿಯಾರ ಮಾತ್ರ ಏಳು ಬಂದಿದೆ.

ಕೆಲವು ಹೆಸರಿನ ಪಕ್ಕ ಪೆನ್ಸಿಲ್ ಟಿಕ್ ಇದೆ. ಏನದು ಅಂತ ಕೇಳಿದ್ರೆ, ಅವರ ಮನೆ ಕಾರ್ಯಕ್ಕೆ ನಾವು ತಿರುಗಿ ಹಾಕಿದ್ದಕ್ಕೆ ಗುರುತಂತೆ. ಇಷ್ಟು ವರ್ಷದಿಂದ ಅಮ್ಮ ನಡೆಸ್ಕೊಂಡು ಬಂದಿರೋ ಲೆಡ್ಜರ್ ಅದು, ಯಾವ ಟ್ಯಾಲಿನೂ ಇಲ್ಲದೆ. "ಆಶೀರ್ವಾದವೇ ಉಡುಗೊರೆ" ಅಂತ ಕಾರ್ಡ್ ಕೆಳಗೆ ಹಾಕಿಸೋಣ, ಚೆನ್ನಾಗಿರುತ್ತೆ ಅಂತ ನಾನು ಅಂದಿದ್ದಕ್ಕೆ ಅವಳು ಯಾಕೆ ಹಾಗೆ ನೋಡಿದ್ಲು ಅಂತ ಆಗ ಗೊತ್ತಾಯ್ತು. "ನಾನು ಎಲ್ಲರಿಗೂ ಹಾಕಿದ್ದೀನಿ. ಬರೋದು ಬರಲಿ." ಆ ಸಾಲು ಅಚ್ಚಾಗಲಿಲ್ಲ. ಯಾರನ್ನ ಕರೀಬೇಕು ಅನ್ನೋ ಪಟ್ಟಿನೂ ಆ ಬುಕ್ಕಿಂದಲೇ ಶುರುವಾಯ್ತು. ಎಷ್ಟೋ ಹೆಸರಿನ ಹಿಂದೆ ಈಗ ದಿ॥ ಸೇರಿಸಿ ಮಕ್ಕಳನ್ನ ಹುಡುಕಬೇಕಾಯ್ತು.

ಬಿಸಿನೆಸ್ ಲಾ ಓದೋರಿಗೆ ಒಂದು ಮಾತು. ಮದುವೆಯಲ್ಲಿ ಬಂದ ಉಡುಗೊರೆಯ ಪಟ್ಟಿ ಇಡಬೇಕು ಅಂತ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರ ನಿಯಮಗಳೇ ಇವೆ. ಏನು ಕೊಟ್ರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನಾಗಬೇಕು, ಎಲ್ಲ ಬರೆದು ವಧೂವರರು ಸಹಿ ಹಾಕಬೇಕು. ಹೊಸ ಬುಕ್ಕಿಗೆ ನಾನು ಆ ಕಾಲಂಗಳನ್ನೂ ಗೆರೆ ಹಾಕಿದೆ.

ಆರತಕ್ಷತೆ ದಿನ ಮೇಜಿನ ಹತ್ರ ನಾನು, ಪಕ್ಕದಲ್ಲಿ ದೊಡ್ಡಪ್ಪ. ಶ್ರೀ ಅವರೇ ಬರೆದ್ರು, ಉಳಿದಿದ್ದು ನನ್ನ ಕೈಗೆ ಬಿಟ್ರು. ಒಬ್ಬರು ಕವರ್ ಕೊಡದೆ ಫೋನಲ್ಲಿ ದುಡ್ಡು ಹಾಕಿ ಸ್ಕ್ರೀನ್ ತೋರಿಸಿದಾಗ, "ಇದನ್ನ ಎಲ್ಲಿ ಬರೀತೀಯಾ?" ಅಂತ ಗಾಬರಿ ಆದ್ರು. ಯುಪಿಐ ಅಂತ ಒಂದು ಕಾಲಂ ಇದೆ ದೊಡ್ಡಪ್ಪ, ಅಂದೆ. ಆಮೇಲೆ ಬಂದವರಿಗೆಲ್ಲ ಅವರೇ ಆ ಕಾಲಂ ತೋರಿಸ್ತಾ ಕೂತ್ರು.

ಮೊನ್ನೆ ಭಾನುವಾರ ಬಸವೇಶ್ವರನಗರದಿಂದ ಒಂದು ಗೃಹಪ್ರವೇಶದ ಕಾರ್ಡ್ ಬಂತು. ಅಮ್ಮ ಹೊಸ ಬುಕ್ ತೆಗೆದು, ಆ ಹೆಸರಿನ ಮೇಲೆ ಬೆರಳಿಟ್ಟು, ಪೆನ್ಸಿಲ್ ಎಲ್ಲಿಟ್ಟೆ ಅಂತ ಕೇಳಿದ್ಲು.

#ಅಕ್ಕನಮದುವೆ #ಲಗ್ನಪತ್ರಿಕೆ #ಮುಯ್ಯಿ #ವಿಜಯನಗರ