ಪಿಸ್ಟನ್ನಿನ ಹದ

ಸೋಮನಾಥಪುರದಲ್ಲಿ ನಮ್ಮಪ್ಪನ ಕುಲುಮೆ ಇತ್ತು. ನೇಗಿಲಿನ ಕುಳವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ‘ಚುಂಯ್’ ಅನ್ನಿಸಿದರೆ ಹದ ಬಂತು ಅಂತ. ಹದ ತಪ್ಪಿದ ಕುಳ ಒಂದೇ ಮಳೆಗಾಲಕ್ಕೆ ಸವೆದು, ಬೈಗುಳದ ಸಮೇತ ವಾಪಸು ಬರುತ್ತಿತ್ತು. ಲೋಹದ ವಿದ್ಯೆ ಇಷ್ಟೇ ಅಂದುಕೊಂಡು ನಾನು 1984ರಲ್ಲಿ ನಂಜನಗೂಡಿನ ಒಂದು ರೀಬೋರ್ ಶಾಪ್ ಸೇರಿದೆ.

ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು ಜಾವಾ, ಯೆಜ್ಡಿಗಳು. ಮೈಸೂರಿನ ಯಾದವಗಿರಿಯಲ್ಲೇ ಹುಟ್ಟಿದ ಗಾಡಿಗಳು. ಬ್ಯಾರಲ್ ಬೀಡಿನದು, ಒಳಗೆ ಓಡುವ 65 ಮಿ.ಮೀ. ಪಿಸ್ಟನ್ ಅಲ್ಯೂಮಿನಿಯಂನದು. ಸವೆದರೆ ಬ್ಯಾರಲ್ಲನ್ನು ಕಾಲು ಮಿಲಿಮೀಟರ್ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕುವುದು ನಮ್ಮ ಕಸುಬು.

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜ್ಜನ್ ಪಿನ್ ಕೂರಿಸಲು, ತೂತು ಹಿಗ್ಗಲಿ ಅಂತ, ಮೇಸ್ತ್ರಿ ಪಿಸ್ಟನ್ನನ್ನು ಕುದಿಯುವ ನೀರಲ್ಲಿ ಮುಳುಗಿಸಿಡುತ್ತಿದ್ದರು. ಒಂದು ಸಂಜೆ ಬಸ್ಸಿನ ಅವಸರದಲ್ಲಿ ನಾನು ಗ್ಯಾಸ್ ಟಾರ್ಚ್ ಹಿಡಿದೆ. ಪಿನ್ ಸಲೀಸಾಗಿ ಇಳಿಯಿತು. ಎರಡು ತಿಂಗಳಿಗೆ ಗಾಡಿ ಟಕಟಕ ಸದ್ದು ಮಾಡುತ್ತ ಮರಳಿತು. ಬಿಚ್ಚಿದರೆ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ. ಮೇಸ್ತ್ರಿ ಅದನ್ನೂ ಒಂದು ಹಳೆಯ ಪಿಸ್ಟನ್ನನ್ನೂ ಪಕ್ಕಪಕ್ಕ ಇಟ್ಟು ಅರದ ಮೂಲೆಯಿಂದ ಗೀರಿದರು. ಹಳೆಯದರ ಮೇಲೆ ಕೂದಲೆಳೆಯಂಥ ಗೆರೆ; ನನ್ನದರ ಮೇಲೆ ಉತ್ತ ಸಾಲು.

“ಹದ ಸುಟ್ಟೆ ಕಣೋ” ಅಂದರು.

ಸಾಮಾನ್ಯವಾಗಿ ಪಿಸ್ಟನ್ನಿನ ಲೋಹದಲ್ಲಿ ನೂರಕ್ಕೆ ಹನ್ನೆರಡರಷ್ಟು ಸಿಲಿಕಾನ್. ಸವೆತಕ್ಕೆ ಎದೆಗೊಡುವುದು ಅದರ ಗಡಸು ಹರಳುಗಳು. ಆದರೆ ಅವನ್ನು ಕಚ್ಚಿಹಿಡಿಯುವ ಅಲ್ಯೂಮಿನಿಯಂಗೂ ಬಿಗಿ ಬೇಕು. 500 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಿದಾಗ ಅದಿನ್ನೂ ಮೆತ್ತಗೇ ಇರುತ್ತದೆ. ಆಮೇಲೆ 170–200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ, ಬೆರೆತ ತಾಮ್ರ, ಮೆಗ್ನೀಸಿಯಂ ಕಣ್ಣಿಗೆ ಕಾಣದ ಕಣಗಳಾಗಿ ಕೂತು ಗಡಸು ತರುತ್ತವೆ. ಅದಕ್ಕೂ ಮೀರಿ ಕಾಯಿಸಿದರೆ ಕಣಗಳು ದಪ್ಪಗಾಗಿ ಬಿಗಿ ಸಡಿಲ. ನನ್ನ ಟಾರ್ಚ್ ಮಾಡಿದ್ದು ಅದನ್ನೇ.

ಅಪ್ಪನಿಗೆ ಹೇಳಿದರೆ ನಕ್ಕ. “ನೀರಿಗಾಕಿದ್ ಮೇಲೂ ಮೆತ್ತಗಿದ್ರೆ ಅದೆಂತಾ ಹದ್ವ್ಲಾ?” ನಮ್ಮೂರ ಕೇಶವ ದೇವಸ್ಥಾನದ ಬಳಪದ ಕಲ್ಲೂ ಕಡಿಯುವಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಯಿತು ಅಂತ ಗೈಡುಗಳು ಹೇಳುವುದಿಲ್ಲವೇ ಅಂದೆ. ಸುಮ್ಮನೆ ತಿದಿ ಒತ್ತತೊಡಗಿದ.

1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಈಗಿನ ಎಷ್ಟೋ ಬೈಕುಗಳಲ್ಲಿ ಬ್ಯಾರಲ್ಲೂ ಅಲ್ಯೂಮಿನಿಯಂ, ಒಳಮೈಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪ. ಕೊರೆದರೆ ಲೇಪವೇ ಹೋಗುತ್ತದೆ, ಹಾಗಾಗಿ ಸವೆದರೆ ಇಡೀ ಕಿಟ್ ಬದಲಿಸುತ್ತಾರೆ. ನನ್ನ ಬಳಿ ಬರುವವರು ಹಳೆಯ ಯೆಜ್ಡಿ ಬಿಡದವರು ಮಾತ್ರ. ಅವರಿಗೊಂದು ಮಾತು: ಪಿನ್ ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಮೆಕ್ಯಾನಿಕ್ ಟಾರ್ಚಿಗೆ ಕೈ ಹಾಕಿದರೆ ತಡೆದು, ಒಂದು ಪಾತ್ರೆ ನೀರು ಕಾಯಿಸಲು ಹೇಳಿ.